ಮುಚ್ಚಿದ ಬಾವಿ

ಮುನಿಶಾಮಣ್ಣ, ಅವತ್ತು ನೀವು ಫೋನ್ ಮಾಡಿ ಕೇಳಿದ್ದಿರಿ. ಕೇಳಲೇ ಇಲ್ಲ ಎಂದು ಎಲ್ಲರೆದುರು ಹೇಳಿದವಳು ನಾನು. ನಿಮ್ಮ ಭಾಮೈದ ಚಂದ್ರು ಸತ್ತದ್ದು ನಿಮ್ಮ ತಪ್ಪಿನಿಂದಲ್ಲ — ನನ್ನ ಉದಾಸೀನದಿಂದ.

ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿದ್ದ ವರ್ಷಗಳವು. ದೇವನಹಳ್ಳಿ ಸುತ್ತಲ ಹೊಲಗಳೆಲ್ಲ ಸೈಟುಗಳಾಗುತ್ತಿದ್ದವು. ನಮ್ಮ ಪುಟ್ಟ ಆಫೀಸಿನಲ್ಲಿ ನಕ್ಷೆ ಬರೆದಷ್ಟೂ ಮುಗಿಯುತ್ತಿರಲಿಲ್ಲ. ನಾನು ನಕ್ಷೆಯನ್ನು ಚಿತ್ರದ ಫೈಲಾಗಿ ಮಾಡಿ ಈಮೇಲಿನಲ್ಲಿ ಕಳಿಸುತ್ತಿದ್ದೆ, ಕಟ್ಟುವ ಮೇಸ್ತ್ರಿಯಾದ ನೀವು ಸೂಲಿಬೆಲೆಯಲ್ಲಿ ಪ್ರಿಂಟ್ ತೆಗೆಸಿಕೊಳ್ಳುತ್ತಿದ್ದಿರಿ. ಚಿತ್ರ ಸ್ಪಷ್ಟವಾಗಿರಬೇಕಾದರೆ ಫೈಲು ದೊಡ್ಡದಾಗುತ್ತಿತ್ತು, ಹೋಗಲು ಹೊತ್ತು ಹಿಡಿಯುತ್ತಿತ್ತು. ಆದರೂ ದೊಡ್ಡದಾಗಿಯೇ ಕಳಿಸಮ್ಮ, ಇಲ್ಲದಿದ್ದರೆ ಸಣ್ಣ ಗೆರೆಗಳು ಕಾಣುವುದಿಲ್ಲ ಎಂದು ನಮ್ಮ ಇಂಜಿನಿಯರ್ ಹೇಳುತ್ತಲೇ ಇದ್ದರು. ಅಂದು ಸಂಜೆ ನನಗೆ ಬಸ್ಸಿನ ಆತುರ. ನೀವು ಕಟ್ಟಬೇಕಿದ್ದ ಹೊಸ ಮನೆಯ ನಕ್ಷೆಯನ್ನು ಗುಣಮಟ್ಟ ಇಳಿಸಿ ಕಳಿಸಿದೆ. ಒಮ್ಮೆ ತೆರೆದು ನೋಡಬೇಕಿತ್ತು — ನೋಡಲಿಲ್ಲ.

ಆ ಸೈಟಿನ ಮೂಲೆಯಲ್ಲಿ ಹಳೆಯ ಬಾವಿಯಿತ್ತು. ಹಿಂದಿನ ಮಾಲೀಕರು ಕಸಕಡ್ಡಿ ತುಂಬಿ, ಮೇಲೆ ಮಣ್ಣೆಳೆದು ಮಾರಿದ್ದರು. ನಾನೇ ಅದನ್ನು ತೆಳುವಾದ ಚುಕ್ಕಿಗೆರೆಯಲ್ಲಿ ಗುರುತಿಸಿ, 'ಮುಚ್ಚಿದ ಬಾವಿ, ಅಗೆಯುವ ಮುನ್ನ ತಿಳಿಸಿ' ಎಂದು ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೆ.

ಮರುದಿನ ಬೆಳಿಗ್ಗೆ ನಿಮ್ಮ ಫೋನ್ ಬಂತು.

"ಮೇಡಂ, ಈ ಮೂಲೇಲಿ ಏನೋ ಗುಂಡಗೆ ಮಸುಕಾಗಿ ಕಾಣ್ತದೆ. ಪಕ್ಕದಲ್ಲೇನೋ ಬರ್ದವ್ರೆ, ಓದಕ್ಕಾಗ್ತಿಲ್ಲ. ಏನದು?"

"ಏನಿಲ್ಲ ಮುನಿಶಾಮಣ್ಣ, ಪ್ರಿಂಟ್ ಕಲೆ ಇರ್ಬೇಕು. ನೀವು ಅಗೀರಿ."

ಬರೆದ ಹತ್ತಾರು ನಕ್ಷೆಗಳ ನಡುವೆ ಆ ಬಾವಿ ನನ್ನ ನೆನಪಿಗೇ ಬರಲಿಲ್ಲ; ನನ್ನೆದುರು ಬೇರೆ ಯಾರದೋ ನಕ್ಷೆ ತೆರೆದಿತ್ತು. ಅದನ್ನು ಬದಿಗಿಟ್ಟು ನಿಮ್ಮದನ್ನು ತೆರೆಯಲು — ಎಷ್ಟು ಹೊತ್ತು ಬೇಕಿತ್ತು?

ಪಾಯದ ಗುಂಡಿಗಿಳಿದಿದ್ದ ಚಂದ್ರುವಿನ ಕಾಲಡಿಯ ನೆಲ ಕುಸಿಯಿತು ಎಂದು ಮಧ್ಯಾಹ್ನ ಸುದ್ದಿ ಬಂತು. ಹೊರತೆಗೆಯುವಷ್ಟರಲ್ಲಿ ಉಸಿರಿರಲಿಲ್ಲ. ಇಂಜಿನಿಯರ್ ಸೈಟಿಗೆ ಓಡಿದರು; ಆಫೀಸಿನಲ್ಲಿ ನಾನೊಬ್ಬಳೇ. ಆಗ ನಾನು ಮಾಡಿದ್ದು... ಅದನ್ನೂ ಹೇಳಿಬಿಡುತ್ತೇನೆ. ಅದೇ ನಕ್ಷೆಯಿಂದ ಅತ್ಯಂತ ಸ್ಪಷ್ಟವಾದ ಚಿತ್ರವೊಂದನ್ನು ಮಾಡಿದೆ. ಮಸುಕು ಫೈಲನ್ನೂ ಕಳಿಸಿದ್ದ ಈಮೇಲನ್ನೂ ಅಳಿಸಿ, ಹೊಸದಕ್ಕೆ ಹಳೆಯ ಹೆಸರನ್ನೇ ಕೊಟ್ಟೆ. ಸೂಲಿಬೆಲೆಯ ಪ್ರಿಂಟ್ ಅಂಗಡಿಯವರು ಬಂದ ಈಮೇಲನ್ನು ಆಗಿಂದಾಗಲೇ ಅಳಿಸುತ್ತಿದ್ದರು; ನಿಮ್ಮ ಕೈಲಿದ್ದ ಪ್ರಿಂಟು ಗುಂಡಿಯ ಮಣ್ಣು ಪಾಲಾಗಿತ್ತು.

ಸೈಟಿನ ಮಾಲೀಕರೂ ನಿಮ್ಮ ಹೆಂಡತಿಯ ಕಡೆಯವರೂ ಬಂದಾಗ, ನಿಮಗೆ ಕಳಿಸಿದ್ದು ಇದೇ ಎಂದು ಆ ಚಿತ್ರವನ್ನು ತೆರೆದು ತೋರಿಸಿದೆ. ಒಂದೊಂದು ಅಕ್ಷರವೂ ಕಾಣುತ್ತಿತ್ತು. "ನಾನು ಫೋನ್ ಮಾಡಿ ಕೇಳಿದ್ದೆ. ಹೇಳಿ ಮೇಡಂ," ಎಂದಿರಿ. ನಾನು ನಿಜ ಹೇಳಿಯೇ ಹೇಳುತ್ತೇನೆ ಎಂಬ ನಂಬಿಕೆ ನಿಮ್ಮ ಮುಖದಲ್ಲಿತ್ತು.

"ನನ್ನನ್ನ ಯಾರೂ ಕೇಳ್ಲಿಲ್ಲ," ಎಂದೆ.

ತಮ್ಮನನ್ನು ಗುಂಡಿಗಿಳಿಸಿದವರ ಮನೆಯಲ್ಲಿ ನೀರೂ ಮುಟ್ಟುವುದಿಲ್ಲವೆಂದು ನಿಮ್ಮ ಹೆಂಡತಿ ಗೌರಮ್ಮ ಸಮೇತನಹಳ್ಳಿಯ ತವರಿಗೆ ಹೋದವರು ಮರಳಲಿಲ್ಲ. ನೀವು ಗಾರೆ ಕೆಲಸದ ಕರಣೆ ಬಿಟ್ಟು ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರ ಗೇಟು ಕಾಯಲು ಸೇರಿದಿರಿ. ಹೋದ ತಿಂಗಳು ಅಲ್ಲೇ ನಿಮ್ಮನ್ನು ಕಂಡೆ. ನೀವಾಗಿಯೇ ಕೈಮುಗಿದಿರಿ.

"ನಾನವತ್ತು ಫೋನ್ ಮಾಡಿದ್ನೋ ಇಲ್ವೋ ಅಂತ ನಂಗೇ ಈಗ ಗ್ಯಾನ ಇಲ್ಲ ಮೇಡಂ," ಎಂದಿರಿ.

ಅಲ್ಲೇ ಬಾಯಿ ಬಿಡಬೇಕಿತ್ತು. ಬಸ್ಸು ಹತ್ತಿಬಿಟ್ಟೆ. ನಿಮ್ಮ ಬದುಕನ್ನಷ್ಟೇ ಅಲ್ಲ, ನಿಮ್ಮ ನೆನಪನ್ನೂ ಕಿತ್ತುಕೊಂಡಿದ್ದೆ ನಾನು...

ನಾಳೆ ಸಮೇತನಹಳ್ಳಿಗೆ ಹೋಗುತ್ತೇನೆ. ಗೌರಮ್ಮನವರಿಗೂ ಚಂದ್ರುವಿನ ತಾಯಿಗೂ ಎಲ್ಲವನ್ನೂ ಹೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಬೀದಿಯಲ್ಲೇ ನಿಂತು, ನೆರೆಹೊರೆಯವರಿಗೂ ಕೇಳುವ ಹಾಗೆ ಹೇಳುತ್ತೇನೆ.