ಕವಳಿಕಂಟಿಯ ಖೂನ

ಇವತ್ತು ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆ ಮುಂದೆ ತಳ್ಳುಗಾಡಿಯಲ್ಲಿ ಕವಳಿಹಣ್ಣು ಬಂದಿತ್ತು. ಆ ಹುಳಿ ವಾಸನೆಗೆ ತೊಂಬತ್ತು ದಾಟಿದ ನನಗೆ ಹಳೆಯ ಸಿಟ್ಟು ಮತ್ತೆ ಏರಿತು. ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಫೋನಿನಲ್ಲಿ ಬರೆದು ಹಾಕುತ್ತಿದ್ದಾಳೆ.

ಆಗ ನಿಜಾಮರ ಕಾಲ, ನಾನು ಸಣ್ಣ ಹುಡುಗಿ. ಕಮಲಾಪುರದ ನಮ್ಮ ಹೊಲದ ಬದುವಿನಲ್ಲಿ ಒಂದು ಕವಳಿಕಂಟಿ ಇತ್ತು. ಅದರ ಖೂನ, ಅಂದರೆ ಗುರುತು, ನನಗೆ ಕಲಿಸಿದವಳು ನನ್ನಜ್ಜಿ. ಒಂದು ದಿನ ಕಾಕನ ಮಗ ನನ್ನ ಜೊತೆ ಆ ಹಣ್ಣು ತಿಂದು ಮನೆಗೆ ಬಂದ. ಸಂಜೆಗೆ ವಾಂತಿ ಮಾಡಿಕೊಂಡು ಬಿದ್ದ. ನಡುವೆ ಹಿತ್ತಲಲ್ಲಿ ಅವನು ವಿಷದ ಹರಳುಬೀಜ ಅಗಿದದ್ದನ್ನು ನಾನು ನೋಡಿದ್ದೆ, ಹೇಳಿದೆ. ಕಾಕ ಕೇಳಲಿಲ್ಲ.

"ಹಾಲು ಸೋರೋ ಹಣ್ಣು ತಿನಿಸಿ ನನ್ನ ಮಗನ್ನ ಕೊಲ್ಲಾಕತ್ತಿದ್ದಿ," ಎಂದು ಕೆನ್ನೆಗೆ ಬಾರಿಸಿದರು.

ಔಷಧ ಕೊಟ್ಟು ಹುಡುಗನನ್ನು ಉಳಿಸಿದ ಹಕೀಮರು ಮರುದಿನ ನನ್ನನ್ನೂ ಕಾಕನನ್ನೂ ಹೊಲಕ್ಕೆ ಕರೆದೊಯ್ದರು. "ಇದು ಕವಳಿನೇ ಅಂತ ಹೆಂಗ ಹೇಳ್ತಿ, ಬೇಟಿ?"

"ಮುಳ್ಳು ಜೋಡಿಜೋಡಿ ಅವ ನೋಡ್ರಿ, ನೆಟ್ಟಗ. ಎಲಿ ದಪ್ಪ, ಎದುರಾಬದುರು. ಹೂವು ಮಲ್ಲಿಗಿ ಹಂಗ ಬೆಳ್ಳಗ ಇರ್ತಾವ. ಕಾಯಿ ಕಿತ್ತರ ಹಾಲು ಬರ್ತದ, ಹಣ್ಣಾದ್ರ ಕರ್ರಗ ಆಗ್ತದ."

ಹಕೀಮರು ನಾಲ್ಕು ಹಣ್ಣು ಬಾಯಿಗೆ ಹಾಕಿಕೊಂಡರು. "ಹುಡುಗಿ ಹೇಳಿದ್ದು ಖರೆ ಅದ. ನಿಮ್ಮ ಹುಡುಗ ಹರಳುಬೀಜನೇ ತಿಂದಾನ," ಎಂದರು.

ಕಾಕ ಅವತ್ತೇ ಆಳು ಕಳಿಸಿ ಆ ಕಂಟಿಯನ್ನು ಬುಡಸಹಿತ ಕಡಿಸಿದರು.

"ಹೆಣ್ಣುಹುಡುಗಿ ಮಾತು ಖರೆ ಆಯ್ತಂತ ಕಡಿಸಿದಿ," ಎಂದು ರಾತ್ರಿ ಊಟದಲ್ಲಿ ಅವರ ಮುಖದ ಮೇಲೆ ಹೇಳಿದವಳು ಅಜ್ಜಿ ಒಬ್ಬಳೇ. ಉಳಿದವರೆಲ್ಲ ತಲೆ ತಗ್ಗಿಸಿ ರೊಟ್ಟಿ ಮುರಿದರು.

"ಸತ್ತವರ ಮ್ಯಾಲ ಇನ್ನೂ ಯಾಕ ಸಿಟ್ಟು, ಬಿಟ್ಟುಬಿಡು," ಎನ್ನುತ್ತಾಳೆ ಮೊಮ್ಮಗಳು. ಆ ಮಾತನ್ನೂ ಬರಿ ಎಂದಿದ್ದೇನೆ. ಅದರ ಕೆಳಗೆ, ನಾನು ಬಿಡುವುದಿಲ್ಲ ಎಂದೂ ಬರಿ ಎಂದಿದ್ದೇನೆ.