ಬಾಣಂತಿ ಕೋಣೆಯ ಕೆಂಡ

ಕಾಗಾಲದ ಹೊನ್ನಮ್ಮ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಾಗ ಕೇರಿಯವರೆಲ್ಲ ಅವಳನ್ನು ಶಾಲೆ ಕಲಿಸುವವಳೆಂಬಂತೆ ಆಗಲೇ ಅಕ್ಕೋರು ಎಂದು ಕರೆಯತೊಡಗಿದ್ದರು. ಆದರೆ ಶಿಕ್ಷಕಿಯರ ಟ್ರೇನಿಂಗಿಗೆ ಅವಳ ವಯಸ್ಸು ಒಂದು ವರ್ಷ ಸಾಲದೆ ಹೋಯಿತು. ಮನೆಯಲ್ಲಿ ಕೂತು ಮಾಡುವುದೇನೆಂದು ಅಪ್ಪ ಅವಳನ್ನು ಕುಮಟೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿಸಿದ. ಅದು ೧೯೫೯. ಮೊದಮೊದಲು ಅವಳು ಮೂಗಿಗೆ ಸೆರಗು ಹಿಡಿದೇ ಓಡಾಡಿದಳು.

ಆಮೇಲೆ ಏನಾಯಿತೋ, ಆ ಕೆಲಸವೇ ಅವಳನ್ನು ಹಿಡಿದುಕೊಂಡಿತು. ಬಾಣಂತಿಯ ಬೆನ್ನು ಒರೆಸುವುದು, ತಲೆ ಬಾಚುವುದು, ಆಗಷ್ಟೇ ಹುಟ್ಟಿದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಳ್ಳುವುದು. ತಾನು ಇನ್ನೊಬ್ಬರಿಗೆ ಇಷ್ಟು ಬೇಕಾದವಳು ಎಂದು ಅವಳಿಗೆ ಅದುವರೆಗೆ ಅನ್ನಿಸಿರಲೇ ಇಲ್ಲ. ಹೊತ್ತು ಮುಳುಗಿದರೂ ಹೊರಡದ ಈ ಹುಡುಗಿಯನ್ನು ಹಿರಿಯ ನರ್ಸ್ ನರ್ಮದಾಬಾಯಿ ಗದರಿಸಿಯೇ ಕಳಿಸಬೇಕಾಗುತ್ತಿತ್ತು.

ಆಷಾಢದ ಒಂದು ಮಧ್ಯಾಹ್ನ. ಹೊನ್ನಾವರ ಕಡೆಯ ತಿಮ್ಮಿ ಎಂಬವಳು ಗಂಡು ಹೆತ್ತು ಮೂಲೆಯ ಕೋಣೆಯಲ್ಲಿ ಮಲಗಿದ್ದಳು. ಹೊರಗೆ ಗಾಳಿಮಳೆ. ಅವಳ ಅತ್ತೆ ಬಂಗಾರಿ ಹೊನ್ನಮ್ಮನ ಕೈ ಹಿಡಿದುಕೊಂಡಳು.

“ಬಾಣಂತಿ ಮೈಗೆ ಥಂಡಿ ಹೊಕ್ರೆ ಎಂತ ಮಾಡೂದು ತಂಗಿ? ಅಡ್ಗಿ ಕೋಣಿಂದ ಚೂರು ಕೆಂಡ ತಂದ್ಕೊಡು. ಮಂಚದ ಅಡಿಗೆ ಇಟ್ರೆ ಆತು.”

ಕೋಣೆಯೊಳಗೆ ಬೆಂಕಿ ಕೂಡದೆಂಬ ಡಾಕ್ಟರ ಕಟ್ಟಪ್ಪಣೆ ಹೊನ್ನಮ್ಮನಿಗೆ ಗೊತ್ತಿತ್ತು. ಆದರೆ ಅವಳ ಅಮ್ಮ, ಚಿಕ್ಕಮ್ಮ ಎಲ್ಲರೂ ಮಂಚದಡಿಯ ಕಾವಿನಲ್ಲೇ ಬಾಣಂತನ ಮುಗಿಸಿದವರು. ಡಾಕ್ಟರು ಗಂಡಸು, ಅವರಿಗೇನು ಗೊತ್ತು ಎಂದುಕೊಂಡು ಒಡಕು ಮಡಕೆಯ ತುಂಬ ಕೆಂಡ ತಂದುಕೊಟ್ಟಳು. ಮುದುಕಿಯ ಮುಖ ಅರಳಿದ್ದು ನೋಡಿ ಹಿಗ್ಗಿದಳು ಕೂಡ. ಕಾಗಾಲದ ಮನೆಯ ತಡಿಕೆ ಗೋಡೆಯಲ್ಲಿ ಗಾಳಿ ಸಲೀಸಾಗಿ ಆಡುತ್ತಿತ್ತು, ಇಲ್ಲಿರುವುದು ಗಾರೆ ಗೋಡೆ, ಗಾಜಿನ ಕಿಟಕಿ ಎಂಬುದು ಅವಳ ತಲೆಗೆ ಹೊಳೆಯಲಿಲ್ಲ.

ಬಟ್ಟೆ ಒಗೆದು ಬಂದು ನೋಡಿದರೆ ಕೋಣೆಯ ಬಾಗಿಲು ಮುಚ್ಚಿತ್ತು. ತಟ್ಟಿದಳು, ಕರೆದಳು. ಭುಜ ಕೊಟ್ಟು ನೂಕಿದಾಗ ಸಂದಿಗೆ ತುರುಕಿದ್ದ ಹಳೇ ಸೀರೆ ಸರಿದು ಬಾಗಿಲು ತೆರೆಯಿತು. ಬಂಗಾರಿ ಗೋಡೆಗೊರಗಿ ತೂಕಡಿಸುತ್ತಿದ್ದಳು. ತಿಮ್ಮಿ ಅಲುಗಿಸಿದರೂ ಏಳಲಿಲ್ಲ. ಕೂಸಿನ ಕೈ ಎತ್ತಿ ಬಿಟ್ಟರೆ ಹಾಗೆಯೇ ಜೋತುಬಿತ್ತು.

ಹೊನ್ನಮ್ಮ ಕೂಸನ್ನು ಅವುಚಿಕೊಂಡು, ನರ್ಮದಾಬಾಯಿಯನ್ನು ಕೂಗುತ್ತ ಜಗಲಿಗೆ ಓಡಿದಳು. ನರ್ಸು, ಡಾಕ್ಟರು ಸೇರಿ ತಿಮ್ಮಿಯನ್ನು ಹೊತ್ತು ತಂದು ಆಕ್ಸಿಜನ್ ಹಚ್ಚಿದರು. ಬಂಗಾರಿಯನ್ನು ಎಳೆತಂದು ಕಂಬಕ್ಕೆ ಒರಗಿಸಿದರು. ಹೊನ್ನಮ್ಮ ಕೂಸಿನ ಬೆನ್ನು ತಿಕ್ಕಿದಳು, ಅಂಗಾಲು ತಟ್ಟಿದಳು. ಅದು ಅಳಲಿಲ್ಲ.

“ಕೆಂಡ ಯಾರು ಕೊಟ್ಟದ್ದು?” ಡಾಕ್ಟರು ಕೇಳಿದರು.

“ನಾನೇ,” ಎಂದಳು ಹೊನ್ನಮ್ಮ. ಸುಳ್ಳು ಹೇಳುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಕೈ ಮಾತ್ರ ತಿಕ್ಕುತ್ತಲೇ ಇತ್ತು.

ಕೂಸು ಒಮ್ಮೆ ಬಿಕ್ಕಿತು. ಮತ್ತೊಮ್ಮೆ ಬಿಕ್ಕಿ, ಬಾಯಿಬಿಟ್ಟು ಅತ್ತಿತು. ಬಹಳ ಹೊತ್ತಿನ ಮೇಲೆ ತಿಮ್ಮಿಯೂ ಕಣ್ಣುಬಿಟ್ಟು ಕೂಸೆಲ್ಲಿ ಎಂದು ಕೇಳಿದಳು. ಹೊನ್ನಮ್ಮ ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು.

ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ತುಂಬಿ ಮಲಗಿದವರು ಮಲಗಿದಲ್ಲೇ ಸಾಯುತ್ತಾರೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಬಂಗಾರಿ ಕೇಳುತ್ತ ಕೇಳುತ್ತ ಬಿಳಿಚಿಕೊಂಡಳು.

“ದೊಡ್ಡ ಸೊಸಿಗೂ ಮನೇಲಿ ಹೀಂಗೇ ಕೋಣಿ ಮುಚ್ಚಿ ಬೆಂಕಿ ಹಾಕಿದ್ದೆ,” ಎಂದಳು. “ತಾಯಿ, ಕೂಸು ಎರಡೂ ಮಲಗಿದಲ್ಲೇ ಹೋದ್ವು. ಭೂತ ತಟ್ಟಿತು ಅಂದ್ಕಂಡಿದ್ದೆ.”

ಮರುವರ್ಷ ನರ್ಸಿಂಗಿಗೇ ಹೋಗೆಂದು ನರ್ಮದಾಬಾಯಿ ಹಟ ಹಿಡಿದರು. ಹೊನ್ನಮ್ಮನಿಗೂ ಮನಸ್ಸಿತ್ತು, ಬೆಟ್ಟದಷ್ಟಿತ್ತು.

“ಆ ದೊಡ್ಡ ಸೊಸಿ ಆಸ್ಪತ್ರೆಗೆ ಬರಲೇ ಇಲ್ವಲ್ಲ ಬಾಯೋರೆ,” ಎಂದಷ್ಟೇ ಹೇಳಿ ಅವಳು ಶಿಕ್ಷಕಿಯರ ಟ್ರೇನಿಂಗಿಗೇ ಹೋದಳು.

ಕಾಯ್ಕಿಣಿಯ ಕಡೆ ಶಾಲೆ ಸಿಕ್ಕಿತು. ಆಸ್ಪತ್ರೆಯ ಆ ಸುಖ ಪಾಠ ಹೇಳುವುದರಲ್ಲಿ ಅವಳಿಗೆ ಎಂದೂ ಸಿಗಲಿಲ್ಲ. ಆದರೆ ಯಾವ ಹುಡುಗಿಯ ಮನೆಯಲ್ಲಿ ಹೆರಿಗೆಯಾದರೂ ಅಕ್ಕೋರು ಸಂಜೆ ಅವಳ ಜೊತೆಗೇ ನಡೆದುಹೋಗುತ್ತಿದ್ದರು. ಬೆಂಕಿ ಬೇಡ ಎಂದು ಹೇಳುತ್ತಿರಲಿಲ್ಲ. ಬಾಗಿಲು ತೆರೆಯಿರಿ ಎಂದು ಹೇಳಿ, ತೆರೆಯುವವರೆಗೂ ಜಗಲಿಯಲ್ಲಿ ಕೂತಿರುತ್ತಿದ್ದರು.