ಲಿಂಗಸುಗೂರಿಗೆ ಉಮೇದುವಾರನಾಗಿ ಹೋದದ್ದು

ಸಿಂಧನೂರಿಗೆ ಬರಬೇಕಾದ ಮೋಟಾರು ಆ ದಿನವೂ ಬರಲಿಲ್ಲ. ಬಸಪ್ಪ ಮಾವ ಕಾದು ಬೇಸತ್ತು ಮನೆಯ ಬಂಡಿಯನ್ನೇ ಕಟ್ಟಿಸಿದ. ಅವನು ನನ್ನ ತಾಯಿಯ ತಮ್ಮ. ಹೊಳೆಯಾಚೆ ಬಳ್ಳಾರಿಯಲ್ಲಿ, ಇಂಗ್ಲಿಷರ ಸೀಮೆಯಲ್ಲಿ, ನನ್ನನ್ನು ಶಾಲೆಗೆ ಹಾಕಿ ಓದಿಸಿದವನು. ತುಂಗಭದ್ರೆಗೆ ಒಡ್ಡು ಕಟ್ಟಿ ನಮ್ಮ ಎರೆಹೊಲಗಳಿಗೆ ಕಾಲುವೆ ತರುತ್ತಾರೆಂಬ ಮಾತು ಆಗ ಎದ್ದಿತ್ತು. ಲಿಂಗಸುಗೂರಿನ ಮೋಜಣಿ ಕಚೇರಿಯಲ್ಲಿ ಭೂಮಿ ಅಳೆಯುವುದನ್ನು ಕಲಿಯಲು ಒಬ್ಬ ಉಮೇದುವಾರನನ್ನು ತೆಗೆದುಕೊಳ್ಳುತ್ತಾರೆಂದು ಸುದ್ದಿ. ಸಂಬಳವಿಲ್ಲ, ಕೆಲಸ ಕಲಿತವನಿಗೆ ಮುಂದೆ ನೌಕರಿ. ಆ ಒಂದು ಜಾಗ ನನಗೆ ಬೇಕಾಗಿತ್ತು. ಸಿಗದಿದ್ದರೆ ಬಳ್ಳಾರಿಯ ಓದಿಗೆ ಉಪ್ಪು ಹಚ್ಚಿಕೊಂಡು ನೆಕ್ಕಬೇಕಿತ್ತು.

ಮಸ್ಕಿ ಹದಿನೆಂಟು ಮೈಲಿ ಇದ್ದೀತು. ದಾರಿಯ ಎರಡೂ ಕಡೆ ಹಿಂಗಾರಿ ಜೋಳ ಮೊಣಕಾಲೆತ್ತರ ನಿಂತಿತ್ತು. ಬಳಗಾನೂರಿನ ಬಾವಿಯ ಬಳಿ ಎತ್ತು ಬಿಚ್ಚಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಮಾವನ ಉಪದೇಶ ಅಲ್ಲಿಂದ ಶುರುವಾಯಿತು.

"ಸಾಹೇಬ್ರ ಮುಂದ ನೀ ಇಂಗ್ಲಿಷ್ ಬಿಡಬೇಕು ನೋಡು, ಅಳಿಯಾ. ಅವ್ರು ಎದ್ದು ಕುರ್ಚಿ ಕೊಡಬೇಕು."

"ನಮ್ಮ ಸಂತಿ ಉರ್ದುನ್ಯಾಗ ಮಾತಾಡಿದ್ರ ಸಾಕಾಗಂಗಿಲ್ಲೇನು ಮಾವಾ?"

"ಸಂತಿ ಉರ್ದು ಯಾಂವರೆ ಮಾತಾಡ್ತಾನ! ನಾವೇನು ಮೆಣಸಿನಕಾಯಿ ಕೊಳ್ಳಾಕ ಹೊಂಟೀವೇನು?"

ಹೊತ್ತು ಮುಳುಗುವ ಮುಂಚೆ ಮಸ್ಕಿ ಮುಟ್ಟಿದೆವು. ಗುಡ್ಡದ ಬಂಡೆಯ ಮೇಲೆ ಹಳೆಯ ರಾಜನೊಬ್ಬ ಬರೆಸಿದ ಅಕ್ಷರಗಳನ್ನು ಮಾವ ಬೆರಳಿನಿಂದ ಸವರಿ ನೋಡಿದ. "ಈ ಊರಾಗ ಓದಾವ್ರಽ ಇಲ್ಲಂದ ಮ್ಯಾಲ ಯಾಕ ಬರಸಿದ್ನೋ ಪುಣ್ಯಾತ್ಮ!" ಎಂದ. ಅರಸರಿಗೆ ಹೇಳಿಬಿಡುವುದಷ್ಟೇ ಗೊತ್ತು, ಕೇಳುವವನಿಗೆ ತಿಳಿಯಿತೇ ಎಂದು ವಿಚಾರಿಸುವ ಚಟ ಅವರಿಗಿಲ್ಲ ಎಂದು ನಾನು ನಕ್ಕೆ. ಆಗ ನಗು ಬರುತ್ತಿತ್ತು.

ಮರುದಿನ ಬಂಡಿಯನ್ನು ಊರಿಗೆ ಕಳಿಸಿ, ನಮ್ಮ ಸೀಮೆಯ ನಾಣ್ಯ ಹಾಲಿ ಸಿಕ್ಕಾದಲ್ಲಿ ಆರಾಣೆ ಕೊಟ್ಟು, ಹತ್ತಿಯ ಗಂಟುಗಳ ಮೇಲೆ ಕೂತು ಮೋಟಾರಿನಲ್ಲಿ ಲಿಂಗಸುಗೂರು ತಲುಪಿದೆವು. ಮೈಯೆಲ್ಲ ಧೂಳು. ಮುಖ ತೊಳೆದುಕೊಂಡು, ಒಗ್ಗರಣೆ ಮಂಡಾಳು ತಿಂದು ಕಚೇರಿಗೆ ಹೋದೆವು.

ಸಾಹೇಬರು ತಲೆಯೆತ್ತದೆ ಕೇಳಿದ್ದು ಒಂದೇ ಮಾತು: "ಮುಲ್ಕಿ, ಯಾ ಗೈರ್ ಮುಲ್ಕಿ?" ಈ ಸೀಮೆಯವನೋ, ಹೊರಗಿನವನೋ ಎಂದು. ನಾನು ಎದೆ ಸೆಟೆಸಿ, ಬಳ್ಳಾರಿಯ ಮಾಸ್ತರು ಕೇಳಿದ್ದರೆ ಬೆನ್ನು ತಟ್ಟುವಂಥ ಇಂಗ್ಲಿಷಿನಲ್ಲಿ, ಮುಲ್ಕಿ, ಸಿಂಧನೂರಿನವನು ಎಂದು ಉತ್ತರ ಕೊಟ್ಟೆ. ಸಾಹೇಬರು ಈಗ ತಲೆಯೆತ್ತಿದರು. ಎಲ್ಲಿ ಕಲಿತೆ ಎಂದು ಉರ್ದುವಿನಲ್ಲಿ ಕೇಳಿದರು. ಬಳ್ಳಾರಿ ಎಂದೆ. "ಹಾಗಾದರೆ ಗೈರ್ ಮುಲ್ಕಿ," ಎಂದು ಮುಗಿಸಿಬಿಟ್ಟರು.

ಮಾವ ಮುಂದೆ ನುಗ್ಗಿದ. "ಇಂವ ನಮ್ಮ ಮನ್ಯಾಗ ಹುಟ್ಯಾನ್ರೀ! ಇವನ ಹೊಕ್ಕಳಬಳ್ಳಿ ಸಿಂಧನೂರಾಗ ಹುಗದೀವ್ರೀ!"

ಸಾಹೇಬರಿಗೆ ಕನ್ನಡ ಬಾರದು. ಮಾವನ ಸಾಕ್ಷಿಯನ್ನು ಉರ್ದುವಿಗೆ ತಿರುಗಿಸಲು ರಾಮಸ್ವರೂಪನೆಂಬ ತರುಣನನ್ನು ಕರೆದರು. ಅವನೂ ಅಲ್ಲಿ ಆಗಲೇ ಸೇರಿದ್ದ ಉಮೇದುವಾರನೇ, ದಿಲ್ಲಿಯ ಕಡೆಯಿಂದ ಮೊನ್ನೆ ಮಳೆಗಾಲದಲ್ಲಿ ಬಂದವನು. ಮಾವ ಅಂದದ್ದು ಪಾಪ, ಅವನಿಗೂ ತಿಳಿಯಲಿಲ್ಲ. ಮೆಲ್ಲಗೆ ನನ್ನನ್ನೇ ಕೇಳಿದ. ನಾನು ಸಂತೆ ಉರ್ದುವಿನಲ್ಲಿ ಹೇಳಿದೆ. ಅದನ್ನೇ ಅವನು ಚೆಂದದ ಉರ್ದುವಿನಲ್ಲಿ ಸಾಹೇಬರಿಗೆ ಒಪ್ಪಿಸಿದ. ನಾನು ಇಲ್ಲಿಯವನೆಂಬುದಕ್ಕೆ ಪರದೇಶದವನ ಬಾಯಿ ಬೇಕಾಯಿತು!

"ಈ ತಮ್ಮಂದು ಯಾವೂರ್ರೀ? ಇಂವ ಹೊರಗಿನಾಂವ ಅಲ್ಲೇನು?" ಎಂದ ಮಾವ. ಅದನ್ನೂ ನಾನೂ ರಾಮಸ್ವರೂಪನೂ ಹಾಗೇ ದಾಟಿಸಿದೆವು.

ಸಾಹೇಬರು ನಕ್ಕರು. "ಇವನಿಗೆ ಸರಕಾರದ ಭಾಷೆ ಉರ್ದು ಬರುತ್ತದೆ. ಇವನು ನಮ್ಮವನೇ." ಆಮೇಲೆ ಏನೋ ಹೊಳೆದವರಂತೆ, ಹೊಲಗಳಲ್ಲಿ ರೈತರ ಮಾತು ಇವನಿಗೆ ತಿಳಿಯುತ್ತಿಲ್ಲ, ಕೂತು ಕನ್ನಡ ಕಲಿಸು ಎಂದು ನನಗೆ ಅಪ್ಪಣೆ ಮಾಡಿದರು.

"ಕಲಿಸು ಅಳಿಯಾ. ಸಾಹೇಬ್ರ ಮನಸ ಕರಗಿದ್ರೂ ಕರಗೀತು," ಎಂದ ಮಾವ ಕಿವಿಯಲ್ಲಿ.

ಕಚೇರಿಯ ಬೇವಿನ ಗಿಡದ ಕೆಳಗೆ ಸಂಜೆಯವರೆಗೆ ಕಲಿಸಿದೆ. ಹೊಲದವನಿಗೆ ಮೊದಲು ಕೇಳಬೇಕಾದ ಪ್ರಶ್ನೆಯಿಂದಲೇ ಶುರುಮಾಡಿದೆ: "ಯಾವೂರು ನಿಂದು?" ಅವನ ನಾಲಿಗೆ ಸರಿಯಾಗಿ ಹೊರಳುವವರೆಗೂ ಬಿಡಲಿಲ್ಲ. ಅವನು ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನಗೆ ಕೊಟ್ಟ. ಸಿಟ್ಟು ಮಾಡಲೂ ಬಿಡಲಿಲ್ಲ ಹಾಳಾದವನು.

ಸಂಜೆ ಮತ್ತೆ ಕೇಳಿದೆವು. ಇವನಿಗೆ ಕನ್ನಡ ಬಂತೆಂದರೆ ಇನ್ನೊಬ್ಬ ಉಮೇದುವಾರ ಯಾಕೆ ಬೇಕು, ಎಂದರು ಸಾಹೇಬರು. ನನ್ನ ಜಾಗಕ್ಕೆ ನಾನೇ ಇಡೀ ದಿನ ಕೂತು ಮಣ್ಣು ಎಳೆದಿದ್ದೆ.

"ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಸುಳ್ಳಲ್ಲಪಾ," ಎಂದ ಮಾವ. ಆಮೇಲೆ ಇಂಗ್ಲಿಷಿನ ಸುದ್ದಿಯನ್ನು ಅವನು ಎತ್ತಲೇ ಇಲ್ಲ.

ಮರುದಿನ ಬೆಳಿಗ್ಗೆ ಮೋಟಾರು ಹತ್ತಿ ಕೂತೆವು. ಎಂಜಿನ್ನು ಗುರುಗುಟ್ಟುವಾಗ ರಾಮಸ್ವರೂಪ ಓಡೋಡಿ ಬಂದ. ಬೀಳ್ಕೊಡಲು ಬಂದಿದ್ದ. ಎರಡೂ ಕೈ ಜೋಡಿಸಿ, ಕಲಿತ ಪಾಠ ಒಪ್ಪಿಸುವ ಖುಷಿಯಲ್ಲಿ ನನ್ನನ್ನು ನೋಡಿ ಜೋರಾಗಿ ಕೇಳಿದ:

"ಯಾವೂರು ನಿಂದು?"

ಒಂದು ತಪ್ಪಿರಲಿಲ್ಲ. ನಮ್ಮ ಕಡೆಯವನೇ ಕೇಳಿದಂತಿತ್ತು. ನಾನು ಬಾಯಿ ತೆರೆದೆ. ಸಿಂಧನೂರು ಎನ್ನುವ ಬದಲು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದೆ.

"ಹೇಳಲೇ," ಎಂದ ಮಾವ, ನನ್ನ ಮುಖ ನೋಡದೆ. "ಪಾಪ, ಕೇಳಾಕತ್ತಾನ."

ಮೋಟಾರು ಹೊರಟಿತು. ಹಿಂತಿರುಗಿ ನೋಡಿದೆ. ಧೂಳಿನಲ್ಲಿ ರಾಮಸ್ವರೂಪ ಕಿವಿಗೆ ಕೈ ಹಚ್ಚಿಕೊಂಡು ಇನ್ನೂ ನಿಂತಿದ್ದ.